ಹನ್ನೆರಡಕ್ಕ ಒಂದು ಕಡಿಮಿ

ಬೆಲೆ ಮ್ಯಾಲ ಅಡ್ಡಗೆರಿ ಎಳೆದು
ಕೆಳಗ ಇನ್ನೊಂದು ಬೆಲೆ ಬರೆದಿದ್ರು: ಆರು ಸಾವಿರದ ಒಂಬೈನೂರು.
ಮೂರು ಪಂಪು ವೈಂಡಿಂಗ್ ಮಾಡಿದ ಕೂಲಿ.
ಹದಿನೆಂಟು ರಾತ್ರಿ ನೋಡ್ದೆ ಹಾಸಿಗಿ ಮ್ಯಾಲ ಬಿದ್ದು,
ಬೆರಳಲೆ ಫೋಟೊ ದೊಡ್ಡದು ಮಾಡಿ ಮಾಡಿ:
ಉದ್ದ ತಲಿ, ಆಚೀಗಿ ಆರು ಕಿವಿ ಈಚೀಗಿ ಆರು,
ಮ್ಯಾಲಿನ ನಾಲ್ಕು ಜೋಡಿ ಒಂದು ದಪ್ಪ ಒಂದು ಸಣ್ಣ,
ಕೆಳಗಿನ ಎರಡು ಅವಳಿ ಜವಳಿ.

ಆರು ತಂತೀದು ಮನ್ಯಾಗ ಅದಲ್ಲ, ಅಂದಳು ಜಗದೇವಿ.
ಅದ. ಆದ್ರ ಹ್ಯಾಂಗ ಹೇಳಲಿ ಆಕಿಗೆ,
ವಾಡಿ ಜಂಕ್ಷನ್ನಿನಾಗ ಸರಿರಾತ್ರಿ ಎರಡು ಇಂಜಿನ್
ಒಂದೇ ಸಲ ಕೂಗ್ತಾವ,
ಒಂದು ಸೋಲಾಪುರದ ಕಡಿಂದ, ಒಂದು ಸಿಕಿಂದರಾಬಾದಿಂದ.
ಸ್ವರ ಒಂದೇ, ಪೂರಾ ಒಂದಲ್ಲ.
ನಡುವ ಏನೋ ನಡುಗ್ತದ.
ಆ ನಡುಗೋದು ಬೇಕಾಗಿತ್ತು ನನಗ, ತೊಡಿ ಮ್ಯಾಲ ಇಟ್ಕೊಳ್ಳಾಕ.

ಸಾಬಣ್ಣ ಫೋನ್ ಮಾಡ್ದ:
ಗೇಟ್ ಹಾಕ್ಯಾರ್ರಿ, ಆಚೀಗಿ ನಿಂತೀನಿ, ನೀವೇ ಬರ್ರಿ.
ಹೋದೆ. ನಡುವ ಗೂಡ್ಸು.
ವ್ಯಾಗನ್ನಿನ ಸಂದಿ ಸಂದಿನಾಗ ಒಂದೊಂದು ತುಂಡು ಕಾಣ್ತಿದ್ದ,
ಟೊಪಿಗಿ, ಬೈಕಿನ ಹ್ಯಾಂಡಲ್, ಹಿಂದ ಅಡ್ಡ ಕಟ್ಟಿದ ಬಾಕ್ಸು.
ಇನ್ನೂ ನಲವತ್ತು ಡಿಲಿವರಿ ಅವಂತೆ ಅವಗ, ನಿಲ್ಲೂ ಹಂಗಿಲ್ಲ.
ಓಟಿಪಿ ಒದರ್ರಿ!
ಒದರ್ದೆ. ಗಾಲಿ ನುಂಗಿದ್ವು.
ಮತ್ತ ಒದರ್ದೆ: ನಾಲ್ಕು, ಒಂದು, ಒಂದು, ಏಳು!
ಇಡೀ ಗೇಟಿಗೆ ಗೊತ್ತಾತು,
ಎರಡು ಎಮ್ಮಿ ಹಿಡಕೊಂಡು ನಿಂತ ಮುದುಕಿಗೆ ಭೀ.

ಮನಿಗೆ ತಂದು ಬಿಚ್ಚಿದ್ರ
ಮೂರನೇ ಜೋಡಿಯ ಸಣ್ಣ ತಂತಿ ಹರದಿತ್ತು,
ಚೇಳಿನ ಬಾಲದಂಗ ಸುತ್ತಿಕೊಂಡು ಕುಂತಿತ್ತು.

ತಂತಿಗೇನು ಬರ ನನಗ? ಅಂಗಡ್ಯಾಗ
ಮೂವತ್ತಾರು ಗೇಜಿನ ತಾಮ್ರ ಕಿಲೊಗಟ್ಟಲೆ.
ಕಟ್ಟಿ ನೋಡ್ದೆ.
ತಾಮ್ರ ಒಳ್ಳೆ ಮಂದಿ ಇದ್ದಂಗ, ಎಳದಷ್ಟು ಬರ್ತದ,
ದನಿ ಮಾತ್ರ ಏರಂಗಿಲ್ಲ.
ಕಲಬುರಗಿಗೆ ಹೋಗಿ ಸೂಪರ್ ಮಾರ್ಕೆಟಿನಾಗ ಕೇಳ್ದೆ.
ಆರರ ಸೆಟ್ ಅದರಿ, ಹನ್ನೆರಡು ಯಾರು ಬಾರಿಸ್ತಾರ್ರಿ, ಅಂದ,
ನನ್ನ ಎರಡು ಕೈ ನೋಡಿ.

ಏಳು ದಿನದೊಳಗ ವಾಪಸ್ ಅಂತ ಇತ್ತು.
ಕಾರಣ ಆರಿಸ್ರಿ. ಫೋಟೊ ಹಾಕ್ರಿ.
ಬಂದ ಬಾಕ್ಸಿನಾಗೇ ಕೊಡ್ರಿ.
ಬಾಕ್ಸು ಅಡಗಿಮನ್ಯಾಗ. ಅಗಲ ಇದ್ದ ಕಡಿ ಖಡಕ್ ರೊಟ್ಟಿ,
ಕುತ್ತಿಗಿ ಕಡಿ ಶೇಂಗಾ ಹಿಂಡಿ, ಅಗಸಿ ಹಿಂಡಿ
ಸಾಲಾಗಿ ಜೋಡಿಸಿಟ್ಟಾಳ.
ಇಷ್ಟು ಗಟ್ಟಿ ಬಾಕ್ಸು ಯಾರು ಬಿಸಾಕ್ತಾರ,
ಇರಿವಿ ಭೀ ಹತ್ತಂಗಿಲ್ಲ, ಅಂದಳು.

ಇರಲಿ ಅಂತ ರಾತ್ರಿ ಕಟ್ಟಿ ಮ್ಯಾಲ ಕುಂತು
ಉಳದ ಹನ್ನೊಂದರ ಕಿವಿ ಹಿಂಡ್ದೆ.
ಮೊಬೈಲಿನಾಗ ಸ್ವರ ತೋರಸೋ ಮುಳ್ಳು.
ಕೈ ತಗದೆ. ಉಸಿರು ಹಿಡದೆ.
ಮುಳ್ಳು ಸುಮ್ಮನಾಗಲಿಲ್ಲ:
ಜೀ, ಅಂತು. ಜೀ, ಒಂಚೂರು ಮ್ಯಾಲ.
ಯಾವ ತಂತೀನೂ ಮುಟ್ಟಿಲ್ಲ ನಾ.
ಹರದದ್ದೂ ಜೀನೇ.

ತಲಿ ಎತ್ತಿದೆ. ಎದುರು ಕಂಬದ ಟ್ರಾನ್ಸ್‌ಫಾರ್ಮರ್,
ಮೈತುಂಬ ಸಿಮೆಂಟಿನ ಧೂಳು,
ನಾ ಈ ಓಣಿಗೆ ಬಂದಾಗಿಂದ ಗುಂಯ್ ಅಂತದ.
ಅದರ ಹೊಟ್ಟಿಯೊಳಗಿನ ಸುತ್ತು ಎಣಿಸಿ ಹೇಳಬಲ್ಲೆ,
ಅದು ಯಾವ ಸ್ವರ ಹಿಡದದ ಅಂತ ಕೇಳಿರಲಿಲ್ಲ.

ಹಂಗಾದ್ರ ನೀ ಹಿಡಿ, ಅಂದೆ.
ಹನ್ನೊಂದನ್ನೂ ಅದರ ಕಡೀಗಿ ಏರಿಸ್ದೆ,
ಪೂರಾ ಅಲ್ಲ, ಕೂದಲಿನಷ್ಟು ಬಿಟ್ಟು.
ಎಳದೆ.
ನಡುಗಿತು. ಯಾವ ಇಂಜಿನ್ನೂ ಇರಲಿಲ್ಲ ಆಗ ಸ್ಟೇಷನ್ನಿನಾಗ.

ಒಳಗಿಂದ ಜಗದೇವಿ: ಈಗ ಛಲೋ ಬರ್ಲತ್ತದ ನೋಡ್ರಿ.

ಹತ್ತೂ ಮುಕ್ಕಾಲಿಗೆ ಕರೆಂಟ್ ಹೋತು.
ಬೆರಳು ಇನ್ನೂ ಮೂರನೇ ಜೋಡಿ ಮ್ಯಾಲೇ ಇತ್ತು.
ಕತ್ತಲಾಗ ಯಾರೋ ರೊಟ್ಟಿ ಮುರದ ಸಪ್ಪಳ.